ಲೋಹದ ಮೇಲೆ ಕೂತ ಅಣುವನ್ನು ಕಂಡವರು ಯಾರು?

ವಾಹನದ ಹೊಗೆಯ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಪ್ಲಾಟಿನಂ ಇರುತ್ತದೆ, ಕಾರ್ಬನ್ ಮೊನಾಕ್ಸೈಡ್ ಅಣು ಅದರ ಮೇಲೆ ಬಂದು ಕೂರುತ್ತದೆ, ಪಕ್ಕದಲ್ಲಿರುವ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಎದ್ದು ಹೋಗುತ್ತದೆ ಎಂದು ನಾನು ಬರೆಯುತ್ತೇನೆ. ‘ಕೂರುತ್ತದೆ, ಎದ್ದು ಹೋಗುತ್ತದೆ ಅಂತ ಅಷ್ಟು ಖಚಿತವಾಗಿ ಹೇಳುತ್ತೀರಲ್ಲ, ಅದನ್ನು ಕಂಡವರು ಯಾರು?’ ಎಂದು ಓದುಗರು ಕೇಳುತ್ತಾರೆ. ಹೈಸ್ಕೂಲು ಮಕ್ಕಳೂ ಕೇಳಿದ್ದಾರೆ, ನಿವೃತ್ತ ಎಂಜಿನಿಯರುಗಳೂ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಒಂದು ಮಿಲಿಮೀಟರನ್ನು ಕೋಟಿ ಭಾಗ ಮಾಡಿದರೆ ಅದರಲ್ಲಿ ಮೂರ್ನಾಲ್ಕು ಭಾಗದಷ್ಟು ಉದ್ದದ ಅಣು ಅದು. ಅದು ಲೋಹದ ಮೇಲೆ ನಿಂತಿದೆಯೋ ಮಲಗಿದೆಯೋ, ಒಂದು ಪರಮಾಣುವಿನ ಮೇಲಿದೆಯೋ ಎರಡರ ನಡುವೆ ಇದೆಯೋ ಎಂಬುದನ್ನೂ ರಸಾಯನ ವಿಜ್ಞಾನಿಗಳು ಹೇಳುತ್ತಾರೆ. ಹೇಗೆ ಹೇಳುತ್ತಾರೆ, ಅವರ ಮಾತನ್ನು ಎಲ್ಲಿಯವರೆಗೆ ನಂಬಬಹುದು ಎಂಬುದೇ ಈ ವಾರದ ವಿಷಯ.

ನೋಡಿದ್ದು ಅವಕೆಂಪು ಬೆಳಕಿನಿಂದ, ಅಂದರೆ ಇನ್‌ಫ್ರಾರೆಡ್‌ನಿಂದ. 1800ರಲ್ಲಿ ವಿಲಿಯಂ ಹರ್ಷಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಿಡಿಸಿ ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದಾಗ, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ಆ ಕಾಣದ ಬೆಳಕಿಗೂ ಅಣುಗಳಿಗೂ ಇರುವ ನಂಟು ಗೊತ್ತಾಗಲು ಮತ್ತೆ ಬಹಳ ಕಾಲ ಬೇಕಾಯಿತು. ಯಾವ ಅಣುವೂ ಸುಮ್ಮನೆ ಇರುವುದಿಲ್ಲ. ಕಾರ್ಬನ್ ಮೊನಾಕ್ಸೈಡಿನಲ್ಲಿ ಒಂದು ಇಂಗಾಲ, ಒಂದು ಆಮ್ಲಜನಕ. ನಡುವಿನ ಬಂಧ ಸೆಕೆಂಡಿಗೆ ಸುಮಾರು 64 ಲಕ್ಷ ಕೋಟಿ ಸಲ ಹಿಗ್ಗಿ ಕುಗ್ಗುತ್ತಿರುತ್ತದೆ. ಅಷ್ಟೇ ಕಂಪನಾಂಕದ ಅವಕೆಂಪು ಬೆಳಕು ಅದರ ಮೇಲೆ ಬಿದ್ದರೆ ಅಣು ಆ ಬೆಳಕನ್ನು ನುಂಗುತ್ತದೆ. ಉಳಿದ ಬೆಳಕು ದಾಟಿ ಹೋಗುತ್ತದೆ. ಆಚೆ ಬದಿಯ ಶೋಧಕದಲ್ಲಿ ಯಾವ ಬೆಳಕು ಕಡಿಮೆಯಾಗಿದೆ ಎಂದು ನೋಡಿದರೆ ದಾರಿಯಲ್ಲಿ ಯಾವ ಅಣು ಇತ್ತೆಂದು ತಿಳಿಯುತ್ತದೆ. ಇಷ್ಟು ದೊಡ್ಡ ಸಂಖ್ಯೆ ಬರೆಯುವ ಬದಲು ಈ ಕ್ಷೇತ್ರದವರು ಒಂದು ಸೆಂಟಿಮೀಟರಿನಲ್ಲಿ ಆ ಬೆಳಕಿನ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ತರಂಗ ಸಂಖ್ಯೆಯನ್ನು ಬಳಸುತ್ತಾರೆ. ಅನಿಲವಾಗಿರುವ ಕಾರ್ಬನ್ ಮೊನಾಕ್ಸೈಡಿಗೆ ಅದು 2143. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಗಾಳಿಯ ಬಹುಪಾಲು ಆಗಿರುವ ಸಾರಜನಕ ಮತ್ತು ಆಮ್ಲಜನಕದ ಅಣುಗಳು ಈ ಬೆಳಕನ್ನು ನುಂಗುವುದಿಲ್ಲ. ಎರಡೂ ತುದಿಯಲ್ಲಿ ಒಂದೇ ಜಾತಿಯ ಪರಮಾಣು ಇರುವುದರಿಂದ ಹಿಗ್ಗಿದರೂ ಕುಗ್ಗಿದರೂ ವಿದ್ಯುದಂಶದ ಹಂಚಿಕೆ ಸಮವಾಗಿಯೇ ಇರುತ್ತದೆ, ಬೆಳಕಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಹಾಗಾಗಿ ಗಾಳಿ ತುಂಬಿದ ಕೋಣೆಯಲ್ಲೂ ಕಾರ್ಬನ್ ಮೊನಾಕ್ಸೈಡ್ ಎದ್ದು ಕಾಣುತ್ತದೆ.

ಈಗ ಆ ಅಣುವನ್ನು ಪ್ಲಾಟಿನಂ ಮೇಲೆ ಕೂರಿಸೋಣ. ಯಾವ ತರಂಗ ಸಂಖ್ಯೆಯಲ್ಲಿ ಎಷ್ಟು ಬೆಳಕು ನುಂಗಿಹೋಯಿತೆಂದು ತೋರಿಸುವ ನಕ್ಷೆಯಲ್ಲಿ, ಅಂದರೆ ರೋಹಿತದಲ್ಲಿ, ಎರಡು ಬದಲಾವಣೆ ಕಾಣುತ್ತವೆ. ಮೊದಲನೆಯದು ಆಕಾರದ್ದು. ಅನಿಲವಾಗಿದ್ದಾಗ ಅಣು ಕಂಪಿಸುವುದರ ಜೊತೆಗೆ ಗಿರಗಿರನೆ ತಿರುಗುತ್ತಲೂ ಇರುತ್ತದೆ. ಆ ತಿರುಗಾಟದ ಶಕ್ತಿಯೂ ಕೂಡಿ ಕಳೆದು, 2143ರ ಎಡಕ್ಕೊಂದು ಬಲಕ್ಕೊಂದು ಹೀಗೆ ಎರಡು ಉಬ್ಬುಗಳು ಏಳುತ್ತವೆ, ಸರಿಯಾಗಿ 2143ರಲ್ಲಿ ತಗ್ಗು ಇರುತ್ತದೆ. ಲೋಹಕ್ಕೆ ಅಂಟಿದ ಅಣು ತಿರುಗಲಾರದು. ಜೋಡಿ ಉಬ್ಬು ಮಾಯವಾಗಿ ಒಂದೇ ಶಿಖರ ನಿಲ್ಲುತ್ತದೆ. ಪ್ರಯೋಗದ ಕೋಶದೊಳಗೆ ಅನಿಲವೂ ಇದ್ದು, ಲೋಹದ ಮೇಲೆ ಅಣುಗಳೂ ಇದ್ದಾಗ ಒಂದೇ ಹಾಳೆಯಲ್ಲಿ ಜೋಡಿ ಉಬ್ಬು ಮತ್ತು ಒಂಟಿ ಶಿಖರ ಅಕ್ಕಪಕ್ಕ ಕಾಣುತ್ತವೆ. ಯಾವುದು ತೇಲುತ್ತಿರುವುದು, ಯಾವುದು ಅಂಟಿರುವುದು ಎಂದು ಬೇರೆ ಮಾಡಲು ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಪಂಪು ಹಾಕಿ ಅನಿಲವನ್ನು ಎಳೆದುಬಿಟ್ಟರೆ ಜೋಡಿ ಉಬ್ಬು ಕರಗುತ್ತದೆ, ಒಂಟಿ ಶಿಖರ ಅಲ್ಲಾಡುವುದಿಲ್ಲ.

ಎರಡನೆಯ ಬದಲಾವಣೆ ಜಾಗದ್ದು. ಒಂಟಿ ಶಿಖರ 2143ರಲ್ಲಿ ಇರುವುದಿಲ್ಲ, ಕೆಳಗೆ ಜಾರಿರುತ್ತದೆ. ತಂಬೂರಿಯ ಬಿರಡೆಯನ್ನು ತುಸು ಸಡಿಲಿಸಿದರೆ ತಂತಿಯ ಶ್ರುತಿ ಇಳಿಯುವ ಹಾಗೆ, ಇಂಗಾಲ ಆಮ್ಲಜನಕಗಳ ನಡುವಿನ ಬಂಧ ಸಡಿಲವಾದದ್ದರ ಗುರುತು ಇದು. ಸಡಿಲವಾಗುವುದು ಯಾಕೆಂದರೆ, ಅಣು ಇಂಗಾಲದ ತುದಿಯಿಂದ ಲೋಹಕ್ಕೆ ಸ್ವಲ್ಪ ಇಲೆಕ್ಟ್ರಾನು ಕೊಟ್ಟು ಅಂಟಿಕೊಳ್ಳುತ್ತದೆ. ಲೋಹ ತನ್ನ ಕಡೆಯಿಂದ ಇಲೆಕ್ಟ್ರಾನನ್ನು ಅಣುವಿಗೆ ಮರಳಿ ಕೊಡುತ್ತದೆ. ಮರಳಿ ಬಂದ ಇಲೆಕ್ಟ್ರಾನು ಹೋಗಿ ಸೇರುವುದು ಅಣುವಿನೊಳಗಿನ ಬಂಧವನ್ನು ದುರ್ಬಲಗೊಳಿಸುವ ಸ್ಥಾನಕ್ಕೆ. ಈ ಕೊಡು ಕೊಳ್ಳುವಿಕೆಯ ಚಿತ್ರವನ್ನು ಲೋಹದ ಮೇಲ್ಮೈಗೆ ಅನ್ವಯಿಸಿ 1964ರಲ್ಲಿ ವಿವರಿಸಿದವರು ಜಾರ್ಜ್ ಬ್ಲೈಹೋಲ್ಡರ್. ಒಂದೇ ಪ್ಲಾಟಿನಂ ಪರಮಾಣುವಿನ ನೆತ್ತಿಯ ಮೇಲೆ ನಿಂತ ಅಣುವಿನ ಶಿಖರ 2050ರಿಂದ 2100ರ ಆಸುಪಾಸಿನಲ್ಲಿ ಬರುತ್ತದೆ. ಎರಡು ಪರಮಾಣುಗಳ ನಡುವೆ ಸೇತುವೆಯಾಗಿ ಕೂತರೆ ಎರಡು ಕಡೆಯಿಂದಲೂ ಇಲೆಕ್ಟ್ರಾನು ಹರಿದುಬರುವುದರಿಂದ ಬಂಧ ಇನ್ನೂ ಸಡಿಲವಾಗಿ ಶಿಖರ 1850ರ ಹತ್ತಿರಕ್ಕೆ ಇಳಿಯುತ್ತದೆ. ಲೋಹದ ಹರಳಿನ ಸಮತಟ್ಟಾದ ಜಾಗದಲ್ಲಿರುವ ಅಣುವಿಗೂ ಮೆಟ್ಟಿಲಿನ ಅಂಚಿನಲ್ಲಿರುವ ಅಣುವಿಗೂ ಸಂಖ್ಯೆ ಬೇರೆ. ಹೀಗೆ ಶಿಖರ ಎಲ್ಲಿದೆ ಎಂಬುದರಿಂದ ಅಣು ಎಲ್ಲಿದೆ ಎಂದು ಓದಬಹುದು.

ಇದೇ ಬಗೆಯ ಕೊಡು ಕೊಳ್ಳುವಿಕೆ ನಮ್ಮ ರಕ್ತದಲ್ಲೂ ನಡೆಯುತ್ತದೆ. ಹೀಮೋಗ್ಲೋಬಿನ್‌ನ ಕಬ್ಬಿಣಕ್ಕೆ ಅಂಟಿದ ಕಾರ್ಬನ್ ಮೊನಾಕ್ಸೈಡಿನ ಶಿಖರ ಸುಮಾರು 1951ರಲ್ಲಿ ಸಿಗುತ್ತದೆ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ಅಲ್ಲಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರು ಮತ್ತೆ ಏಳದ ಸುದ್ದಿ ಪ್ರತಿ ಚಳಿಗಾಲ ಬರುವುದಕ್ಕೆ ಇದೇ ಕಾರಣ.

ಇಷ್ಟೆಲ್ಲ ಹೇಳಿದ ಮೇಲೆ ಕೆಲಸ ಸುಲಭವಿರಬೇಕು ಅನ್ನಿಸಬಹುದು. ಅಷ್ಟು ಸುಲಭವಲ್ಲ. ಒಂದು ಚದರ ಸೆಂಟಿಮೀಟರ್ ಪ್ಲಾಟಿನಂ ಮೇಲ್ಮೈಯಲ್ಲಿ ಇರುವುದು ಸುಮಾರು 1500 ಲಕ್ಷ ಕೋಟಿ ಪರಮಾಣು. ಕೇಳಲು ದೊಡ್ಡ ಸಂಖ್ಯೆ. ಆದರೆ ಹತ್ತು ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಅನಿಲವನ್ನು ಸಾಮಾನ್ಯ ಒತ್ತಡದಲ್ಲಿ ತುಂಬಿದರೆ ಬೆಳಕಿನ ದಾರಿಗೆ ಅಡ್ಡ ಬರುವ ಅಣುಗಳು ಇದರ ಲಕ್ಷಾಂತರ ಪಟ್ಟು. ಒಂದೇ ಒಂದು ಅಣುವಿನ ದಪ್ಪದ ಪದರ ನುಂಗುವ ಬೆಳಕು ಎಷ್ಟು ಅಲ್ಪವೆಂದರೆ ಉಪಕರಣದ ಗದ್ದಲದಲ್ಲೇ ಅದು ಮುಳುಗಿಹೋಗುತ್ತದೆ. ಸಾಲದ್ದಕ್ಕೆ ಗಾಜು ಈ ಬೆಳಕನ್ನು ಬಿಡುವುದಿಲ್ಲ. ಕಿಟಕಿಗಳನ್ನು ಪೊಟ್ಯಾಸಿಯಂ ಬ್ರೋಮೈಡ್, ಅಡುಗೆ ಉಪ್ಪು, ಕ್ಯಾಲ್ಸಿಯಂ ಫ್ಲೋರೈಡ್ ಇಂಥ ಲವಣಗಳ ಹರಳಿನಿಂದ ಮಾಡಬೇಕು. ನಾನು ಕರಾವಳಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಜೂನ್ ಬಂತೆಂದರೆ ಈ ಕಿಟಕಿಗಳದ್ದೇ ಚಿಂತೆ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಬ್ರೋಮೈಡ್ ಬಿಲ್ಲೆ ಒಂದು ಮಧ್ಯಾಹ್ನ ಹೊರಗೆ ಉಳಿದರೆ ಸಾಕು, ಗಾಳಿಯ ತೇವ ಹೀರಿ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಸಿಲಿಕಾ ಜೆಲ್ ಹಾಕಿದ ಡೆಸಿಕೇಟರಿನಲ್ಲಿಟ್ಟು, ಬೇಕಾದಾಗ ಕೈಗವಸು ಹಾಕಿ ತೆಗೆದು, ಕೆಲಸ ಮುಗಿದೊಡನೆ ಮತ್ತೆ ಅಲ್ಲಿಗೇ ಸೇರಿಸುವುದನ್ನು ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಕಲಿಸುತ್ತಿದ್ದೆವು. ತೇವದ ಗುರುತು ರೋಹಿತದಲ್ಲೂ ಬೀಳುತ್ತದೆ. ನೀರಾವಿಯ ಗೆರೆಗಳು 1600ರ ಸುತ್ತ ಹುಲ್ಲು ಬೆಳೆದಂತೆ ಎದ್ದು ನಿಲ್ಲುತ್ತವೆ.

ಮೇಲ್ಮೈಯ ಅಣುಗಳು ತೀರಾ ಕಡಿಮೆ ಎಂಬ ಕಷ್ಟಕ್ಕೆ ಮೊದಲ ಒಳ್ಳೆಯ ಉಪಾಯ ಸಿಕ್ಕಿದ್ದು ಒಂದು ತೈಲ ಕಂಪನಿಯ ಪ್ರಯೋಗಾಲಯದಲ್ಲಿ. ನ್ಯೂಯಾರ್ಕ್ ರಾಜ್ಯದ ಬೀಕನ್ ಎಂಬ ಊರಿನಲ್ಲಿದ್ದ ಟೆಕ್ಸಾಕೊ ಲ್ಯಾಬಿನ ರಾಬರ್ಟ್ ಐಶೆನ್ಸ್ ಮತ್ತು ಸಂಗಡಿಗರು ಲೋಹದ ತಗಡು ಬಿಟ್ಟು, ಹಿಟ್ಟಿಗಿಂತ ನುಣುಪಾದ ಸಿಲಿಕಾ ಪುಡಿಯ ಮೇಲೆ ಲೋಹವನ್ನು ಕಣಕಣವಾಗಿ ಹರಡಿದರು. ಅಂಥ ಒಂದು ಗ್ರಾಂ ಪುಡಿಯಲ್ಲಿ ನೂರಾರು ಚದರ ಮೀಟರ್ ಮೇಲ್ಮೈ ಇರುತ್ತದೆ. ಪುಡಿಯ ತೆಳು ಪದರವನ್ನು ಬೆಳಕು ದಾಟುವಾಗ ಅಸಂಖ್ಯ ಲೋಹದ ಕಣಗಳನ್ನು ಹಾದು ಬರುತ್ತದೆ, ಅಂಟಿದ ಅಣುಗಳ ಸಂಕೇತ ಕೂಡುತ್ತಾ ಹೋಗುತ್ತದೆ. 1954ರಲ್ಲಿ ಅವರು ಪ್ರಕಟಿಸಿದ ಕಾರ್ಬನ್ ಮೊನಾಕ್ಸೈಡ್ ರೋಹಿತಗಳಿಂದಲೇ ಈ ವಿದ್ಯೆ ನಿಜವಾಗಿ ಬೆಳೆಯಿತೆನ್ನಬೇಕು. ಅದಕ್ಕೂ ಮೊದಲು ಲೆನಿನ್‌ಗ್ರಾಡಿನಲ್ಲಿ ಅಲೆಕ್ಸಾಂಡರ್ ತೆರೆನಿನ್ ಅವರ ಗುಂಪು ರಂಧ್ರಭರಿತ ಗಾಜಿನ ಮೇಲೆ ಅಂಟಿದ ಅಣುಗಳನ್ನು ಅವಕೆಂಪಿನಲ್ಲಿ ನೋಡಿತ್ತು. ಲೋಹದ ಮೇಲಿನ ಅಣುವನ್ನು ಹೀಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಮಾತ್ರ ಐಶೆನ್ಸ್ ಗುಂಪು.

ಪುಡಿಯಲ್ಲಿ ಒಂದು ಕೊರತೆ ಇದೆ. ಲೋಹದ ಕಣಗಳು ಬೇರೆ ಬೇರೆ ಗಾತ್ರ, ಬೇರೆ ಬೇರೆ ಮುಖ. ಯಾವ ಮುಖದ ಮೇಲೆ ಏನಾಯಿತೆಂದು ಖಚಿತವಾಗಿ ಹೇಳಬೇಕಾದರೆ ನಯವಾದ ಒಂದೇ ಹರಳು ಬೇಕು. ಅಲ್ಲಿ ಮತ್ತೆ ಅಣುಗಳ ಅಭಾವ. ಇದನ್ನು ಬಿಡಿಸಿದವರು ರಾಬರ್ಟ್ ಗ್ರೀನ್ಲರ್. ನಯವಾದ ಲೋಹವೆಂದರೆ ಕನ್ನಡಿ. ಕನ್ನಡಿಗೆ ನೇರವಾಗಿ ಬೆಳಕು ಹಾಯಿಸಿದರೆ ಬರುವ ಅಲೆಯೂ ಮರಳುವ ಅಲೆಯೂ ಮೇಲ್ಮೈಯಲ್ಲೇ ಒಂದನ್ನೊಂದು ಅಳಿಸಿಬಿಡುತ್ತವೆ. ಅಣು ಕೂತಿರುವ ಜಾಗದಲ್ಲೇ ಬೆಳಕು ಇಲ್ಲವೆನ್ನುವಷ್ಟು ಕ್ಷೀಣ. ಬೆಳಕನ್ನು ಓರೆಯಾಗಿ, ಲೋಹವನ್ನು ಸವರಿಕೊಂಡು ಹೋಗುವಂತೆ ಬಿಟ್ಟರೆ, ಅದರಲ್ಲೂ ಅಲೆಯ ಏರಿಳಿತ ಲೋಹಕ್ಕೆ ಲಂಬವಾಗಿರುವಂತೆ ನೋಡಿಕೊಂಡರೆ, ಎರಡೂ ಅಲೆಗಳು ಕೂಡಿಕೊಂಡು ಬಲವಾಗುತ್ತವೆ. ಲಂಬರೇಖೆಯಿಂದ ಸುಮಾರು 88 ಡಿಗ್ರಿ ಓರೆಯಲ್ಲಿ ಫಲ ಅತಿ ಹೆಚ್ಚು ಎಂದು ಗ್ರೀನ್ಲರ್ 1966ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಕಾಶದ ಬೆಳಕಿನಾಟಗಳ ಮೇಲೆ ಅವರಿಗೆ ಬಹಳ ಪ್ರೀತಿ. ಕಣ್ಣಿಗೆ ಕಾಣದ ಅವಕೆಂಪು ಕಾಮನಬಿಲ್ಲಿನ ಛಾಯಾಚಿತ್ರ ತೆಗೆದು 1971ರಲ್ಲಿ ಪ್ರಕಟಿಸಿದವರೂ ಅವರೇ. ಮಳೆಹನಿಯಲ್ಲಿ ಬೆಳಕು ತಿರುಗುವ ಕೋನವನ್ನು ಅಷ್ಟು ಆಸ್ಥೆಯಿಂದ ಲೆಕ್ಕ ಮಾಡುವವರು ಲೋಹದ ಮೇಲೆ ಬೆಳಕು ಜಾರುವ ಕೋನವನ್ನೂ ಬಿಡದೆ ಹಿಡಿದದ್ದು ಸಹಜವೇ.

ಗ್ರೀನ್ಲರ್ ದಾರಿಯಲ್ಲಿ ಹೋದವರಿಗೆ ಒಂದು ನಿಯಮವೂ ಸಿಕ್ಕಿತು. ಲೋಹದೊಳಗಿನ ಇಲೆಕ್ಟ್ರಾನುಗಳು ಸರಾಗವಾಗಿ ಓಡಾಡಬಲ್ಲವು; ಮೇಲ್ಮೈಗೆ ಸಮಾಂತರವಾಗಿ ಆಗುವ ಕಂಪನವನ್ನು ಅವು ಕೂಡಲೇ ಸರಿದೂಗಿಸಿ ಅಳಿಸಿಹಾಕುತ್ತವೆ, ಲಂಬವಾದ ಕಂಪನವನ್ನು ಮಾತ್ರ ಉಳಿಸಿ ಹೆಚ್ಚಿಸುತ್ತವೆ. ಹೀಗಾಗಿ ನಿಂತ ಅಣು ಕಾಣುತ್ತದೆ, ಮಲಗಿದ ಅಣು ಕಾಣುವುದಿಲ್ಲ. ಅಣು ನಿಂತಿದೆ ಎಂದು ವಿಜ್ಞಾನಿಗಳು ಧೈರ್ಯದಿಂದ ಹೇಳುವುದರ ಹಿಂದೆ ಈ ನಿಯಮ ಇದೆ. ಈ ನಿಯಮದ ಇನ್ನೊಂದು ಮುಖವನ್ನೂ ಮರೆಯಬಾರದು: ರೋಹಿತದಲ್ಲಿ ಶಿಖರ ಇಲ್ಲವೆಂದ ಮಾತ್ರಕ್ಕೆ ಮೇಲ್ಮೈ ಖಾಲಿ ಎಂದು ಅರ್ಥವಲ್ಲ.

ಈಗ ಕನ್ವರ್ಟರಿನ ಒಳಗೆ ಬರೋಣ. ಸಣ್ಣ ಸಣ್ಣ ನಾಳಗಳು ತುಂಬಿದ ಪಿಂಗಾಣಿ ಇಟ್ಟಿಗೆ, ಅದರ ಗೋಡೆಗಳ ಮೇಲೆ ಅಲ್ಯೂಮಿನಾ ಲೇಪ, ಲೇಪದೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಕಣಗಳು. ಇಂಥದ್ದೇ ಪುಡಿಯನ್ನು ಅವಕೆಂಪು ಬೆಳಕಿನ ದಾರಿಯಲ್ಲಿಟ್ಟು, ಕಾರ್ಬನ್ ಮೊನಾಕ್ಸೈಡ್ ಮತ್ತು ಆಮ್ಲಜನಕದ ಮಿಶ್ರಣ ಹರಿಸಿ, ನಿಧಾನವಾಗಿ ಬಿಸಿ ಏರಿಸುತ್ತಾ ನೋಡಿದರೆ ಹೀಗಾಗುತ್ತದೆ. ತಣ್ಣಗಿದ್ದಾಗ 2070ರ ಸುತ್ತ ದಪ್ಪ ಶಿಖರ. ಲೋಹದ ಕಣಗಳನ್ನು ಕಾರ್ಬನ್ ಮೊನಾಕ್ಸೈಡ್ ಪೂರ್ತಿ ಮುಚ್ಚಿಕೊಂಡಿದೆ. ಆಮ್ಲಜನಕದ ಅಣು ಒಡೆದು ಎರಡು ಪರಮಾಣುವಾಗಿ ಕೂರಲು ಅಕ್ಕಪಕ್ಕ ಎರಡು ಖಾಲಿ ಜಾಗ ಬೇಕು, ಅದು ಸಿಗುತ್ತಿಲ್ಲ. ಪ್ಲಾಟಿನಂ ಇದೆ, ಎರಡು ಅನಿಲವೂ ಇವೆ, ಆದರೂ ಕ್ರಿಯೆ ಇಲ್ಲ. ಬಿಸಿ ಏರಿದಂತೆ ಕಾರ್ಬನ್ ಮೊನಾಕ್ಸೈಡ್ ಅಣುಗಳು ಒಂದೊಂದಾಗಿ ಕಿತ್ತುಕೊಂಡು ಹೋಗತೊಡಗುತ್ತವೆ. ಶಿಖರ ತುಸು ತಗ್ಗುತ್ತದೆ, ಇನ್ನೂ ಕೆಳಗಿನ ಸಂಖ್ಯೆಯತ್ತ ಸರಿಯುತ್ತದೆ. ಅಣುಗಳ ದಟ್ಟಣೆ ಕಡಿಮೆಯಾದಂತೆ ನೆರೆಹೊರೆಯ ಅಣುಗಳ ಪರಸ್ಪರ ಪ್ರಭಾವ ತಗ್ಗುವುದರಿಂದ ಈ ಜಾರಿಕೆ. ಮುಂದೆ ಒಂದು ತಾಪದಲ್ಲಿ ಎಲ್ಲವೂ ತಟ್ಟನೆ ಆಗುತ್ತದೆ. ಖಾಲಿಯಾದ ಜಾಗಕ್ಕೆ ಆಮ್ಲಜನಕ ನುಗ್ಗುತ್ತದೆ, ಪಕ್ಕದ ಕಾರ್ಬನ್ ಮೊನಾಕ್ಸೈಡನ್ನು ಉರಿಸುತ್ತದೆ, ಅದರಿಂದ ಇನ್ನಷ್ಟು ಜಾಗ ಖಾಲಿ, ಇನ್ನಷ್ಟು ಆಮ್ಲಜನಕ, ಇನ್ನಷ್ಟು ಬಿಸಿ. 2070ರ ಶಿಖರ ಕುಸಿದು ಬೀಳುತ್ತದೆ, ಅದೇ ಹೊತ್ತಿಗೆ 2349ರ ಎಡಬಲದಲ್ಲಿ ಕಾರ್ಬನ್ ಡೈಆಕ್ಸೈಡಿನ ಜೋಡಿ ಉಬ್ಬು ಏಳುತ್ತದೆ. ಈ ಬಗೆಯ ಕ್ರಿಯೆಯನ್ನು, ಕಾರ್ಬನ್ ಮೊನಾಕ್ಸೈಡ್ ಪ್ಲಾಟಿನಂಗೆ ತಾನೇ ವಿಷವಾಗುವ ವಿಚಿತ್ರವನ್ನು ಅರ್ವಿಂಗ್ ಲ್ಯಾಂಗ್‌ಮ್ಯೂರ್ 1922ರಲ್ಲೇ ಅನಿಲದ ಒತ್ತಡಗಳನ್ನು ಅಳೆದು ಊಹಿಸಿದ್ದರು. ಅವಕೆಂಪು ಅದನ್ನು ಕಣ್ಣೆದುರು ತಂದು ನಿಲ್ಲಿಸಿತು.

ಭಾರತದಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಗಿದ್ದು 1995ರ ಏಪ್ರಿಲ್‌ನಿಂದ. ಅಂದಿನಿಂದ ಇಂದಿನ ಬಿ.ಎಸ್. 6ರವರೆಗೆ ಮಾನದಂಡ ಬಿಗಿಯಾಗುತ್ತಾ ಬಂದಿದೆ. ಆದರೂ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚೇ ಇರುತ್ತದೆ. ತಣ್ಣಗಿರುವ ಕನ್ವರ್ಟರಿನಲ್ಲಿ ನಡೆಯುತ್ತಿರುವುದು ಮೇಲೆ ಹೇಳಿದ ಆ ಮುಚ್ಚಿಕೊಂಡ ಸ್ಥಿತಿಯೇ. ಹೊಸ ಕಾರು, ಕನ್ವರ್ಟರ್ ಇದೆ ಎಂಬ ಧೈರ್ಯದಿಂದ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಬಿಡುವವರು ದಯವಿಟ್ಟು ಹಾಗೆ ಮಾಡಬೇಡಿ. ಬಾಗಿಲು ತೆರೆದು ವಾಹನವನ್ನು ಹೊರಗೆ ತಂದು ನಿಲ್ಲಿಸಿ.

ಇಲ್ಲಿಯವರೆಗೆ ಅವಕೆಂಪಿನ ಗುಣವನ್ನೇ ಹೇಳಿದೆ. ಇನ್ನು ಅದರ ಮಿತಿಯನ್ನೂ ಹೇಳಬೇಕು, ಯಾಕೆಂದರೆ ನನಗೆ ಮುಖ್ಯವೆನಿಸುವ ಮಾತು ಅಲ್ಲಿದೆ. ಮೇಲಿನ ಕ್ರಿಯೆಯಲ್ಲಿ ಇಬ್ಬರು ಪಾಲುದಾರರು. ಕಾರ್ಬನ್ ಮೊನಾಕ್ಸೈಡ್ ಅವಕೆಂಪಿನಲ್ಲಿ ಬೆಳಗಿ ಕಾಣುತ್ತದೆ. ಪ್ಲಾಟಿನಂ ಮೇಲೆ ಕೂತ ಆಮ್ಲಜನಕ ಪರಮಾಣುವಿನ ಕಂಪನ 500ಕ್ಕಿಂತ ಕೆಳಗೆ. ಸಿಲಿಕಾದಂಥ ಪುಡಿಗಳು ಅಲ್ಲಿ ಎಲ್ಲ ಬೆಳಕನ್ನೂ ತಾವೇ ನುಂಗಿಬಿಡುತ್ತವೆ. ಹಾಗಾಗಿ ಅರ್ಧ ಜೋಡಿಯನ್ನು ನಾವು ಕಾಣುತ್ತೇವೆ, ಉಳಿದರ್ಧವನ್ನು ಊಹಿಸುತ್ತೇವೆ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು. ಎತ್ತರದ ಶಿಖರ ಕಂಡರೆ, ಕ್ರಿಯೆ ನಡೆಸುತ್ತಿರುವುದು ಈ ಅಣುವೇ ಎಂದು ತೀರ್ಮಾನಿಸುವ ಆಸೆ ಸಹಜ. ಆ ಅಣು ಅಲ್ಲಿ ಸುಮ್ಮನೆ ಕೂತಿರಬಹುದು. ಕ್ಷೇತ್ರದವರು ಇಂಥದ್ದನ್ನು ಪ್ರೇಕ್ಷಕ ಅಣು ಎನ್ನುತ್ತಾರೆ.

ಎಥಿಲೀನ್ ಅನಿಲಕ್ಕೆ ಪ್ಲಾಟಿನಂ ಮೇಲೆ ಹೈಡ್ರೋಜನ್ ಸೇರಿಸುವ ಕ್ರಿಯೆಯನ್ನೇ ತೆಗೆದುಕೊಳ್ಳಿ. ಕೋಣೆಯ ತಾಪದಲ್ಲಿ ಪ್ಲಾಟಿನಂನ ನಯವಾದ ಮುಖವನ್ನು ಎಥಿಲಿಡೈನ್ ಎಂಬ ತುಣುಕು ಗಟ್ಟಿಯಾಗಿ ಆವರಿಸಿರುತ್ತದೆ. ರೋಹಿತದಲ್ಲಿ ಅದರದ್ದೇ ಪಾರಮ್ಯ. ಬರ್ಕ್ಲಿಯ ಗೇಬರ್ ಸೊಮೊರ್ಜಾಯ್ ಮತ್ತು ವೈ. ಆರ್. ಶೆನ್ ಗುಂಪು ಅವಕೆಂಪು ಲೇಸರನ್ನೂ ಕಣ್ಣಿಗೆ ಕಾಣುವ ಬೆಳಕಿನ ಲೇಸರನ್ನೂ ಮೇಲ್ಮೈಯ ಒಂದೇ ಬಿಂದುವಿನಲ್ಲಿ ಕೂಡಿಸಿ, ಅನಿಲದ ಅಡ್ಡಿಯಿಲ್ಲದೆ ಮೇಲ್ಮೈಯ ಅಣುಗಳನ್ನಷ್ಟೇ ನೋಡುವ ವಿಧಾನದಿಂದ, ಕ್ರಿಯೆ ನಡೆಯುತ್ತಿರುವಾಗಲೇ ಇದನ್ನು ಪರೀಕ್ಷಿಸಿತು. 1996ರಲ್ಲಿ ಅವರು ಹೇಳಿದ್ದು: ಕೆಲಸ ಮಾಡುತ್ತಿರುವುದು ಎಥಿಲಿಡೈನ್ ಅಲ್ಲ, ಲೋಹಕ್ಕೆ ಸಡಿಲವಾಗಿ ಅಂಟಿದ, ಮೇಲ್ಮೈಯ ಕೆಲವೇ ಶೇಕಡದಷ್ಟು ಜಾಗದಲ್ಲಿರುವ ಎಥಿಲೀನ್. ಯಾವುದು ಬಿಗಿಯಾಗಿ ಅಂಟಿದೆಯೋ ಅದು ಅಲುಗುವುದಿಲ್ಲ, ಅಲುಗದ್ದರಿಂದ ಲೆಕ್ಕದಲ್ಲಿ ಹೆಚ್ಚು ಕಾಣುತ್ತದೆ. ಬೇಗ ಬಂದು ಬೇಗ ಬದಲಾಗಿ ಹೋಗುವುದು ಯಾವ ಕ್ಷಣದಲ್ಲೂ ಕಡಿಮೆಯೇ ಇರುತ್ತದೆ.

ಪ್ಲಾಟಿನಂನ ಒಂಟಿ ಪರಮಾಣುಗಳ ವಿವಾದವೂ ಇದೇ ಜಾತಿಯದ್ದು. ದುಬಾರಿ ಲೋಹವನ್ನು ಕಣಗಳಾಗಿ ಹರಡುವ ಬದಲು ಒಂದೊಂದೇ ಪರಮಾಣುವಾಗಿ ಹರಡಿದರೆ ಪ್ರತಿ ಪರಮಾಣುವೂ ಕೆಲಸಕ್ಕೆ ಸಿಗುತ್ತದೆ ಎಂಬುದು ಆಸೆ. ಒಂಟಿ ಪರಮಾಣುವಿನ ಮೇಲಿನ ಕಾರ್ಬನ್ ಮೊನಾಕ್ಸೈಡಿನ ಶಿಖರ ಕಣದ ಮೇಲಿನದಕ್ಕಿಂತ ಮೇಲಿನ ಸಂಖ್ಯೆಯಲ್ಲಿ ಬರುವುದರಿಂದ ಎರಡನ್ನೂ ಒಂದೇ ರೋಹಿತದಲ್ಲಿ ಬೇರೆಬೇರೆಯಾಗಿ ಓದಬಹುದು. ಅಮೆರಿಕದ ಕುನ್‌ಲುನ್ ಡಿಂಗ್ ಮತ್ತು ಸಂಗಡಿಗರು ಇಂಥ ಪುಡಿಗಳಿಗೆ ಆಮ್ಲಜನಕ ಹರಿಸಿ ನೋಡಿದಾಗ ಕಣಗಳ ಮೇಲಿನ ಶಿಖರ ಉರಿದು ಹೋಯಿತು, ಒಂಟಿ ಪರಮಾಣುಗಳ ಮೇಲಿನ ಶಿಖರ ಹಾಗೇ ನಿಂತಿತು. ಆ ಪರಮಾಣುಗಳು ಕಾರ್ಬನ್ ಮೊನಾಕ್ಸೈಡನ್ನು ಹಿಡಿದು ಕೂತಿವೆಯೇ ಹೊರತು ಕೆಲಸ ಮಾಡುತ್ತಿಲ್ಲ ಎಂದು 2015ರಲ್ಲಿ ಬರೆದರು. ಎರಡು ವರ್ಷ ಕಳೆದು ಫಿಲಿಪ್ ಕ್ರಿಸ್ಟೋಫರ್ ಅವರ ಗುಂಪು ಟೈಟಾನಿಯಂ ಆಕ್ಸೈಡ್ ಮೇಲೆ ಕೂರಿಸಿದ ಒಂಟಿ ಪ್ಲಾಟಿನಂ ಪರಮಾಣುಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆಂದು, ಇದೇ ಅವಕೆಂಪನ್ನೇ ಸಾಕ್ಷಿಯಾಗಿಟ್ಟು ತೋರಿಸಿತು. ಎರಡೂ ನಿಜವಿರಬಹುದು. ಪರಮಾಣು ಯಾವುದರ ಮೇಲೆ ಕೂತಿದೆ ಎಂಬುದರ ಮೇಲೆ ಅದರ ಸ್ವಭಾವ ಬದಲಾಗುತ್ತದೆ ಎಂಬುದು ನಾನು ಓದಿಕೊಂಡ ಅರ್ಥ. ಎರಡೂ ಗುಂಪು ಬರೀ ಶಿಖರದ ಎತ್ತರ ನೋಡಿ ನಿಲ್ಲಲಿಲ್ಲ. ಆಮ್ಲಜನಕ ಬಿಟ್ಟು, ಬಿಸಿ ಬದಲಿಸಿ, ಯಾವ ಶಿಖರ ಎಷ್ಟು ಬೇಗ ಕರಗುತ್ತದೆ ಎಂದು ನೋಡಿದವು. ಅವರ ಮಾತನ್ನು ನಾನು ಗೌರವದಿಂದ ಓದುವುದು ಅದಕ್ಕಾಗಿ.

ನಮ್ಮ ಬೆಂಗಳೂರಿಗೂ ಈ ವಿಷಯಕ್ಕೂ ಗಟ್ಟಿ ಸಂಬಂಧವಿದೆ. ಸಿ.ಎನ್.ಆರ್. ರಾವ್ ಅವರು ರಸಾಯನ ವಿಜ್ಞಾನದಲ್ಲಿ ಅವಕೆಂಪು ರೋಹಿತದ ಬಳಕೆಯ ಬಗ್ಗೆ ಬರೆದ ಗ್ರಂಥ 1963ರಲ್ಲಿ ಬಂತು. ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಅವರ ಗುಂಪು ಲೋಹದ ಮೇಲ್ಮೈಗೆ ಅಂಟಿದ ಕಾರ್ಬನ್ ಮೊನಾಕ್ಸೈಡ್, ಸಾರಜನಕ, ಆಮ್ಲಜನಕಗಳನ್ನು ಇಲೆಕ್ಟ್ರಾನ್ ರೋಹಿತದಿಂದ ಅಧ್ಯಯನ ಮಾಡಿತು. ಅದೇ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ, ಗಿರಿಧರ್ ಮದ್ರಾಸ್, ಕೆ.ಸಿ. ಪಾಟೀಲ್ ಅವರು ಪಲ್ಲೇಡಿಯಂ, ಪ್ಲಾಟಿನಂಗಳನ್ನು ಲೋಹದ ಕಣವಾಗಿ ಇಡದೆ ಸೀರಿಯಂ ಆಕ್ಸೈಡಿನ ಹರಳಿನೊಳಗೇ ಅಯಾನುಗಳಾಗಿ ಸೇರಿಸಿ ವಾಹನದ ಹೊಗೆ ಶುದ್ಧ ಮಾಡುವ ಕ್ರಿಯಾವರ್ಧಕಗಳನ್ನು ರೂಪಿಸಿದರು. ಬಿಡಿ ಪರಮಾಣು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಅವರ ಉತ್ತರ, ಸರಿಯಾದ ಆಕ್ಸೈಡಿನಲ್ಲಿ ಕೂತರೆ ಖಂಡಿತ ಮಾಡುತ್ತದೆ ಎಂಬುದು.

ಗೆರ್ಹಾರ್ಡ್ ಎರ್ಟ್ಲ್ ಅವರಿಗೆ ಲೋಹದ ಮೇಲ್ಮೈಯ ರಸಾಯನಕ್ಕಾಗಿ 2007ರಲ್ಲಿ ನೊಬೆಲ್ ಬಂದಾಗಲೂ ಎತ್ತಿ ಹೇಳಿದ್ದು ಒಂದು ಉಪಕರಣವನ್ನಲ್ಲ. ಒಂದೇ ಕ್ರಿಯೆಯನ್ನು ಹಲವು ವಿಧಾನಗಳಿಂದ, ಹಂತ ಹಂತವಾಗಿ, ವರ್ಷಗಟ್ಟಲೆ ಬೆನ್ನು ಹತ್ತಿದ ಅವರ ಪದ್ಧತಿಯನ್ನು. ಅವಕೆಂಪು ಒಂದು ಸಾಕ್ಷಿ. ಒಳ್ಳೆಯ ಸಾಕ್ಷಿ, ಆದರೆ ಅದು ಕಂಡದ್ದನ್ನು ಮಾತ್ರ ಹೇಳುತ್ತದೆ. ಯಾರು ಅಲ್ಲಿದ್ದರು ಎಂದು ಒಂದು ರೋಹಿತ ಹೇಳುತ್ತದೆ. ಯಾರು ಕೆಲಸ ಮಾಡಿದರು ಎಂದು ತಿಳಿಯಲು ರೋಹಿತಗಳ ಸಾಲೇ ಬೇಕು. ಸುದ್ದಿಯಲ್ಲಿ ‘ವಿಜ್ಞಾನಿಗಳು ಕ್ರಿಯೆಯ ಗುಟ್ಟನ್ನು ಕಂಡರು’ ಎಂದು ಓದಿದಾಗ, ಅವರು ನೋಡಿದ್ದು ನಿಂತ ಚಿತ್ರವೋ ಬದಲಾಗುತ್ತಿರುವ ಚಿತ್ರವೋ ಎಂದು ಕೇಳಿಕೊಳ್ಳಿ.

ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ರಾಜ್ಯದ ಎಷ್ಟೋ ಸ್ನಾತಕೋತ್ತರ ವಿಭಾಗಗಳಲ್ಲಿ ಈಗ ಅವಕೆಂಪು ರೋಹಿತ ತೆಗೆಯುವ ಎಫ್.ಟಿ.ಐ.ಆರ್. ಯಂತ್ರವಿದೆ. ಹೆಚ್ಚಿನ ಕಡೆ ಅದರ ಕೆಲಸ, ಬಿಲ್ಲೆ ಒತ್ತಿ ಒಂದು ರೋಹಿತ ತೆಗೆದು ಕೋಷ್ಟಕದ ಜೊತೆ ತಾಳೆ ನೋಡುವುದಕ್ಕೆ ಮುಗಿಯುತ್ತದೆ. ಲೋಹ, ನಿರ್ವಾತ, ವಿಷಾನಿಲ ಏನೂ ಬೇಡ. ಮಾದರಿ ಇಡುವ ಕೋಣೆಯ ಮುಚ್ಚಳ ತೆಗೆದು ವಿದ್ಯಾರ್ಥಿಯೊಬ್ಬರಿಗೆ ಬಾಯಿ ಸ್ವಲ್ಪ ದೂರವಿಟ್ಟು ಒಮ್ಮೆ ಉಸಿರು ಬಿಡಲು ಹೇಳಿ, ಮುಚ್ಚಿ, ಸಾರಜನಕ ಹರಿಸುತ್ತಾ ನಿಮಿಷಕ್ಕೊಂದರಂತೆ ರೋಹಿತ ತೆಗೆಯಿರಿ. 2349ರ ಜೋಡಿ ಉಬ್ಬು ಹೇಗೆ ಇಳಿಯುತ್ತದೆ, 1600ರ ನೀರಾವಿಯ ಗೆರೆಗಳು ಅದೇ ವೇಗದಲ್ಲಿ ಇಳಿಯುತ್ತವೆಯೋ ಹಿಂದೆ ಉಳಿಯುತ್ತವೆಯೋ ಎಂದು ಅವರೇ ಗ್ರಾಫ್ ಹಾಳೆಯಲ್ಲಿ ಗುರುತಿಸಲಿ. ನೀರು ಗೋಡೆಗಳಿಗೆ ಅಂಟಿ ನಿಧಾನವಾಗಿ ಬಿಡುತ್ತದೆ, ಕಾರ್ಬನ್ ಡೈಆಕ್ಸೈಡ್ ಅಷ್ಟಾಗಿ ಅಂಟುವುದಿಲ್ಲ. ಆ ಎರಡು ಗೆರೆಗಳ ವ್ಯತ್ಯಾಸಕ್ಕೆ ಕಾರಣವೇನೆಂದು ನೀವು ಹೇಳುವ ಮೊದಲು ಅವರನ್ನು ಕೇಳಿ.